ಎರಡು ಟ್ರಂಕು ಹಾಡು

24-1-2008, ಗುರುವಾರ

ಟ್ರಂಕು ಎರಡೂ ತೆಗೆದೆ. ಹಾಡಿನ ಸೀಡಿ ಡಿಸ್ಕು ಒರೆಸಲು ಇವರ ಹಳೇ ಪಂಚೆ. ನಡುವಿನಿಂದ ಅಂಚಿಗೆ ನೇರ ಒರೆಸಬೇಕು, ಸುತ್ತ ಒರೆಸಿದರೆ ಗೀರು ಬೀಳುತ್ತದೆ. ಇವರು ಇದ್ದಾಗ ಹೇಳಿಕೊಟ್ಟದ್ದು. ಶನಿವಾರ ಗಣರಾಜ್ಯ ದಿನ. ದೊಡ್ಡ ಮಗ ನಾಗರಾಜನಿಗೆ ಚನ್ನಪಟ್ಟಣದ ಸ್ಕೂಲುಗಳ ಮೈಕ್ ಕೆಲಸ, ಚಿಕ್ಕವನು ನಟರಾಜನಿಗೆ ಬಿಡದಿಯ ಫ್ಯಾಕ್ಟರಿಯದು. ದೇಶಭಕ್ತಿ ಡಿಸ್ಕು ಇರುವುದೇ ಒಂದು ಹಿಡಿ. ಅವನಿಗಿಷ್ಟು, ಇವನಿಗಿಷ್ಟು ಎತ್ತಿಟ್ಟೆ.

ಪ್ರತಿ ಗುರುವಾರ ದೊಡ್ಡವನು ಬೆಳಿಗ್ಗೆ ಬರುತ್ತಾನೆ, ಚಿಕ್ಕವನು ಸಾಯಂಕಾಲ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆ ಫ್ಯಾಕ್ಟರಿಯ ಕೆಲಸ ನಟರಾಜ ಅಣ್ಣನಿಗೆ ಹೇಳದೆ ತನ್ನ ಹೆಸರಿಗೆ ಹಿಡಿದುಕೊಂಡಾಗಿನಿಂದ ಹೀಗೆ. ಹಾರನ್ನು, ಆಂಪ್ಲಿಫೈಯರು, ವೈರು, ಜನರೇಟರು ಎಲ್ಲ ಪಾಲಾಯಿತು. ಬೋರ್ಡು ಮಾತ್ರ ಇಬ್ಬರದೂ ಒಂದೇ, ಇವರ ಹೆಸರಿನದು — ದಾಸಪ್ಪ ಮೈಕ್‌ಸೆಟ್. ಡಿಸ್ಕು ಪಾಲು ಮಾಡಲು ನಾನು ಬಿಡಲಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿದೆ. ಹಾಡು ಬೇಕಾದವನು ನನ್ನ ಬಾಗಿಲಿಗೆ ಬರಬೇಕು.

ಇವತ್ತು ದೊಡ್ಡವನು ತಡ ಮಾಡಿದ, ಚಿಕ್ಕವನು ಬೇಗ ಬಂದ. ನಡುಮನೆಯಲ್ಲಿ ಎದುರಾದರು. ನಟರಾಜ ಮೂಲೆಯಲ್ಲಿದ್ದ ಕಂಪ್ಯೂಟರ್ ಎತ್ತಿಕೊಂಡು ಹೊರಟಿದ್ದ. ಇವರು ಕಡೇ ವರ್ಷ ತಂದದ್ದು, ಅದೂ ಪಾಲಾಗದೆ ಉಳಿದಿತ್ತು. ಏನೋ ಎಂದೆ.

“ತಗಂಡೋಗಿ ಹಾಡೆಲ್ಲ ಇದರೊಳಕ್ಕೆ ತುಂಬುಸ್ಬುಡ್ತೀನಿ ಕಣವ್ವ. ಆಮೇಲೆ ವಾರವಾರ ಇಲ್ಲಿಗೆ ಬರೋ ತಾಪತ್ರಯ ಇರಾಕಿಲ್ಲ.”

ನಾಗರಾಜ ಅವನಿಗೆ ಉತ್ತರ ಕೊಡಲಿಲ್ಲ, ನನಗೆ ಹೇಳಿದ — ಅಪ್ಪ ತಂದದ್ದು, ಒಬ್ಬನದಲ್ಲ ಅಂತ. ಹೇಳುತ್ತಲೇ ಪೆಟ್ಟಿಗೆಯ ಇನ್ನೊಂದು ಮಗ್ಗುಲು ಹಿಡಿದ. ಇಬ್ಬರೂ ಎಳೆದರು. ಹೊಸ್ತಿಲ ಮೇಲೆ ಬಿತ್ತು. ಮುಂದಿನ ಪ್ಲಾಸ್ಟಿಕ್ಕು ಚೂರು, ಪಕ್ಕದ ತಗಡು ಮಡಿಚಿಕೊಂಡಿತು.

ಇಬ್ಬರನ್ನೂ ಆಚೆ ಕಳಿಸಿದೆ. ಡಿಸ್ಕು ಕೊಟ್ಟೇ ಕಳಿಸಿದೆ, ಕೆಲಸ ಕೆಡಬಾರದಲ್ಲ. ಪೆಟ್ಟಿಗೆ ರಿಪೇರಿ ಆಗುವ ತನಕ ಯಾರೂ ಮುಟ್ಟಕೂಡದು ಎಂದೆ.

ತಾಪತ್ರಯ ಅಂತೆ.

27-1, ಭಾನುವಾರ

ನಟರಾಜನ ಹೆಂಡತಿ ರಮ್ಯಾ ರಾಮನಗರದಿಂದ ಬಂದಳು. ಪಿಯುಸಿ ಆದ ಮೇಲೆ ಕಂಪ್ಯೂಟರ್ ಕ್ಲಾಸಿಗೆ ಹೋದವಳು. ಸ್ಕ್ರೂ ಬಿಚ್ಚಿ ಒಳಗೆ ನೋಡಿದಳು. ಒಳಗಿರುವುದೆಲ್ಲ ನೆಟ್ಟಗಿದೆ, ಮೇಲಿನ ಕೇಸ್ ಮಾತ್ರ ಹೋಗಿದೆ ಎಂದಳು. ಬೆಂಗಳೂರಿನಲ್ಲಿ ಖಾಲಿ ಕೇಸ್ ಸಿಗುತ್ತದಂತೆ, ಅವಳ ಗಂಡ ನಾಳೆಯೇ ತರುತ್ತಾನಂತೆ.

ಬೇಡ ಎಂದೆ. ಅವನು ತಂದರೆ ಕೇಸು ಅವನದು, ಕೇಸು ಅವನದಾದರೆ ಒಳಗಿರುವುದೂ ಅವನದು. ಎತ್ತಿಗೆ ಮೂಗುದಾರ ಹಾಕಿದವನೇ ಯಜಮಾನ. ಹಾಗಂತ ಅವಳಿಗೆ ಹೇಳಲಿಲ್ಲ. ಚನ್ನಪಟ್ಟಣದಲ್ಲಿ ಮರದ ಕೆಲಸದವರಿಗೇನು ಬರ ಎಂದೆ.

“ಕಂಪ್ಯೂಟರ್‌ಗೆ ಮರದ ಕೇಸಾ ಅತ್ತೆ?”

ರೇಡಿಯೋಗೆ ಇರಲಿಲ್ಲವೇ ಎಂದೆ. ಬಿಚ್ಚಿದ ಸ್ಕ್ರೂಗಳನ್ನು ಕಾಗದದಲ್ಲಿ ಕಟ್ಟಿಟ್ಟಳು.

2-2, ಶನಿವಾರ

ವಹಾಬ್ ಹತ್ತಿರ ಹೋಗಿದ್ದೆ. ಗೊಂಬೆ ಕೆಲಸದ ವಹಾಬ್. ಅವನ ನಿಕಾಹ್‌ಗೆ ಇವರೇ ಮೈಕ್ ಕಟ್ಟಿದ್ದು. ಚರಕಿಯ ಮೇಲೆ ಮರ ತಿರುಗುತ್ತಿತ್ತು, ಅರಗಿನ ಕಡ್ಡಿ ಒತ್ತುತ್ತಿದ್ದ. ಕೆಂಪು ಬಣ್ಣ ಹಂಗೇ ಹತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಕಣ್ಣು ಅಲ್ಲೇ ನಿಲ್ಲುತ್ತದೆ.

ಒಡೆದ ಪೆಟ್ಟಿಗೆ ಆಟೋದಿಂದ ಇಳಿಸಿದ್ದು ನೋಡಿ ನಕ್ಕ. ತೊಟ್ಟಿಲು ಮಾಡಿದೀನಿ, ಗೂಡು ಮಾಡಿದೀನಿ, ಇದು ಯಾವ ಮಗೀಗೆ ಸರಸಕ್ಕ ಅಂತ. ದಾರ ಹಿಡಿದು ಎಲ್ಲ ಕಡೆ ಅಳೆದುಕೊಂಡ. ಒಳಗಿನ ಫ್ಯಾನ್ ನೋಡಿ, ಗಾಳಿ ಆಡಬೇಕು, ಹಿಂದೆ ಕಿಟಕಿಯ ಹಾಗೆ ಸಣ್ಣ ಸಣ್ಣ ಕಂಬಿ ಕಡೆದು ಕೂರಿಸುತ್ತೇನೆ ಎಂದ. ಕಂಬಿಗೆ ಅರಗಿನ ಬಣ್ಣ ಇರಲಿ ಎಂದೆ. ಬರಿ ಮರ ನನ್ನ ಮನೆಗೆ ಬೇಡ.

ಯಾವತ್ತಿಗೆ ಬೇಕು ಅಂದ. ಅವಸರವಿಲ್ಲ, ನಿಧಾನವಾಗಿ ಮಾಡು ಎಂದೆ.

“ಅವಸರ ಇಲ್ಲ ಅನ್ನೋ ಗಿರಾಕಿ ನನ್ನ ಜಲ್ಮದಲ್ಲಿ ನೀವೇ ಮೊದ್ಲು.” ಮುಖ ನೋಡಿದ. ಮತ್ತೆ ಚರಕಿ ತಿರುಗಿಸಿದ.

14-2, ಗುರುವಾರ

ಮಾಘ ಬಂತು. ಮದುವೆ ಶುರು. ಟ್ರಂಕು ಅರ್ಧ ಖಾಲಿ ಆಗುವಷ್ಟು ಡಿಸ್ಕು ಹೋಯಿತು. ಈಗ ಎಲ್ಲ ಮದುವೆಯೂ ಭಾನುವಾರವೇ. ಪಂಚಾಂಗ ನೋಡಿ ಇಡುವುದಿಲ್ಲ, ಫ್ಯಾಕ್ಟರಿ ರಜ ನೋಡಿ ಇಡುತ್ತಾರೆ. ಐನೋರೂ ಅದಕ್ಕೆ ತಕ್ಕ ಹಾಗೆ ಮುಹೂರ್ತ ಹುಡುಕಿ ಕೊಡುತ್ತಾರೆ. ಒಂದೇ ದಿನ ಇಬ್ಬರಿಗೂ ಡಿಸ್ಕು ಹೊಂದಿಸುವುದು ನನಗೇ ಗೊತ್ತು. ಇವನಿಗೆ ಸೋಬಾನೆ ಕೊಟ್ಟರೆ ಅವನಿಗೆ ಭಕ್ತಿಗೀತೆ ಜಾಸ್ತಿ. ಎರಡು ಊರು ತೀರಾ ಹತ್ತಿರವಾದರೆ ಒಬ್ಬನಿಗೆ ಒಪ್ಪಬೇಡ ಅನ್ನುತ್ತೇನೆ.

ನಾಗರಾಜ ಉಪ್ಪಿಟ್ಟು ತಿಂದು ಹೋದ. ನಟರಾಜ ಕಾಫಿ ಕುಡಿದ. ನಟರಾಜನ ಮಗಳ ಹಲ್ಲು ಬಿದ್ದದ್ದು, ನಾಗರಾಜನ ಹೆಂಡತಿಗೆ ಮಂಡಿನೋವು — ಎಲ್ಲ ತಿಳಿಯುವುದು ಗುರುವಾರವೇ. ಅವನದು ಇವನಿಗೆ, ಇವನದು ಅವನಿಗೆ ಕಿವಿಗೆ ಹಾಕುತ್ತೇನೆ. ಕೇಳದವರ ಹಾಗೆ ಕೇಳಿಸಿಕೊಳ್ಳುತ್ತಾರೆ.

ಕೇಸ್ ಆಯಿತೇನವ್ವ ಅಂತ ಇಬ್ಬರೂ ಕೇಳಿದರು. ವಹಾಬ್‌ಗೆ ಕೈ ತುಂಬ ಕೆಲಸ ಎಂದೆ. ಪೆಟ್ಟಿಗೆ ಆಗಿದೆ ಅಂತ ಅವನು ಹೇಳಿ ಕಳಿಸಿ ಆಗಲೇ ವಾರವಾಯಿತು.

25-2, ಸೋಮವಾರ

ಆಗಬಾರದ್ದು ಆಯಿತು.

ನಿನ್ನೆ ವಿರೂಪಾಕ್ಷಿಪುರದಲ್ಲಿ ಮದುವೆ. ನಾಗರಾಜನ ಕೆಲಸ. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಹಾಕಿದ್ದಾನೆ. ಡೋಲಿನ ಒಂದೇ ಪೆಟ್ಟು ಹಿಡಿದುಕೊಂಡು ಡಿಸ್ಕು ಅಲ್ಲೇ ನಿಂತಿದೆ. ಟಕ ಟಕ ಟಕ ಅಂತ. ಅಕ್ಷತೆ ಹಿಡಿದವರು ಹಿಡಿದ ಹಾಗೇ. ಗಂಡಿಗೆ ಗಂಟು ಹಾಕಬೇಕೋ ಬೇಡವೋ ತಿಳಿಯಲಿಲ್ಲವಂತೆ. ಐನೋರು ಬಾಯಲ್ಲೇ ಗಟ್ಟಿಮೇಳ ಗಟ್ಟಿಮೇಳ ಅಂತ ಕೂಗಿ ಮುಗಿಸಿದರಂತೆ. ಗಂಡಿನ ಸೋದರಮಾವ ಎಲ್ಲರ ಮುಂದೆ ಅಂದನಂತೆ — ದಾಸಪ್ಪ ಹೋದ, ಅವನ ಜೊತೆ ಅವನ ಮೈಕೂ ಹೋಯ್ತು.

ನಾಗರಾಜ ಡಿಸ್ಕು ನನ್ನ ಕೈಗಿಟ್ಟ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ಗೀರು. ಒರೆಸಿ ಒರೆಸಿ ಸವೆದಿದೆ. ಇನ್ನೂ ಹತ್ತಾರು ತೆಗೆದು ನೋಡಿದೆ. ಹಾಗೇ.

ಇವರು ಬದುಕಿದ್ದಾಗ ಒಂದು ದಿನವೂ ಯಾರದೂ ಮಾತು ಕೇಳಿದವರಲ್ಲ. ಬೋರ್ಡಿನ ಮೇಲಿರುವುದು ಇವರ ಹೆಸರು.

ಡಿಸ್ಕು ಹೀಗೇ ಇಟ್ಟುಕೊಂಡರೆ ಹೆಸರು ಹೋಗುತ್ತದೆ. ಮೆಶಿನ್ನಿಗೆ ತುಂಬಿಸಿದರೆ ಹುಡುಗರು ಬರುವುದು ನಿಲ್ಲುತ್ತದೆ.

ರಾತ್ರಿ ಡಿಸ್ಕೆಲ್ಲ ಮತ್ತೆ ಟ್ರಂಕಿಗೆ ಜೋಡಿಸಿದೆ.

26-2

ವಹಾಬ್ ಮನೆಗೆ ನಾನೇ ಹೋಗಿ ಪೆಟ್ಟಿಗೆ ತಂದೆ. ಹಾಲೆ ಮರದ ಕಂಬಿ, ಕೆಂಪು ಒಂದು ಹಳದಿ ಒಂದು. ಹಲಗೆಗೆ ಪಾಲಿಶ್. ಕೆಳಗೆ ಬುಗುರಿಯಂಥ ನಾಲ್ಕು ಕಾಲು. ಡಿಸ್ಕು ಹಾಕುವ ಬಾಯಿಗೆ ಪುಟ್ಟ ಕದ. ದೇವರ ಗೂಡಿನ ಹಾಗೆ ಕಾಣುತ್ತದೆ ಎಂದರೆ ಸುಳ್ಳಲ್ಲ. ರಮ್ಯಾ ಕೂರಿಸಿದಳು. ಗುಂಡಿ ಒತ್ತಿದಳು. ಬೆಳಕು ಬಂತು.

ತುಂಬಿಸುವುದು ನಾನೇ ಎಂದೆ. ಹೇಳಿಕೊಟ್ಟು ಹೋಗು.

3-3, ಸೋಮವಾರ

ಕಲಿತೆ. ದೊಡ್ಡದೇನಲ್ಲ. ಡಿಸ್ಕು ಹಾಕಬೇಕು, ಒಂದು ಕಡೆ ಒತ್ತಬೇಕು, ಹಸಿರು ಪಟ್ಟಿ ಓಡುತ್ತದೆ. ಅದು ತುಂಬಿದರೆ ಹಾಡು ತುಂಬಿತು. ತೀರಾ ಸವೆದದ್ದಕ್ಕೆ ರಮ್ಯಾ ಹೊಸ ಡಿಸ್ಕು ತಂದುಕೊಟ್ಟಿದ್ದಾಳೆ. ಹಾಡು ಹಾಡಲು ತೆಗೆದುಕೊಳ್ಳುವಷ್ಟು ಹೊತ್ತೂ ಬೇಡ.

ತೊಂದರೆ ಹೆಸರಿನದು. ಯಾವ ಡಿಸ್ಕು ಹಾಕಿದರೂ ಟ್ರ್ಯಾಕ್ ಒನ್, ಟ್ರ್ಯಾಕ್ ಟೂ ಅಂತಲೇ ಬರುತ್ತದೆ. ಮದುವೆ ಹಾಡಿಗೂ ಅದೇ ಹೆಸರು, ತಿಥಿಯ ಭಜನೆಗೂ ಅದೇ ಹೆಸರು. ಹೀಗೇ ಬಿಟ್ಟರೆ ಹಸೆಮಣೆ ಮೇಲೆ ಕೂತವರಿಗೆ ಕೈಲಾಸ ತೋರಿಸುತ್ತಾರೆ ನನ್ನ ಮಕ್ಕಳು. ಒಂದೊಂದಕ್ಕೂ ಹೆಸರು ಹೊಡೆಯಬೇಕು. ಎಸ್ಸೆಸ್ಸೆಲ್ಸಿ ಓದಿದ ಇಂಗ್ಲಿಷ್ ಅಕ್ಷರ ಇವತ್ತು ಕೆಲಸಕ್ಕೆ ಬಂತು. ಹೆಸರಿನ ಹಿಂದೆ ನಂಬರು ಹಾಕುತ್ತೇನೆ. ಕೋಳಿ ಕೂಗುವ ಹೊತ್ತಿಗೆ ದೇವರದು, ಆಮೇಲೆ ಎಣ್ಣೆ ಶಾಸ್ತ್ರದ್ದು, ಧಾರೆ, ಊಟದ ಹೊತ್ತಿಗೆ ಸಿನಿಮಾ, ಹೆಣ್ಣು ಕಳಿಸುವಾಗ ಅಳಿಸುವಂಥದ್ದು. ಇವರು ಹಾಕುತ್ತಿದ್ದ ವರಸೆ. ಮಕ್ಕಳು ಸಾಲಾಗಿ ಬಿಟ್ಟುಕೊಂಡು ಹೋದರೆ ಸಾಕು. ತಿಥಿಯದು ಬೇರೆ ಕಡೆ, ಬೀಗ ಹಾಕಿದ ಹಾಗೆ.

16-3, ಭಾನುವಾರ

ದಿನಕ್ಕೆ ನಾಲ್ಕೈದು ಡಿಸ್ಕು. ಅದಕ್ಕಿಂತ ಜಾಸ್ತಿ ಇಲ್ಲ. ಮೊದಲು ಪೂರ್ತಿ ಕೇಳುತ್ತೇನೆ, ಆಮೇಲೆ ತುಂಬುತ್ತೇನೆ. ಮೂವತ್ತು ವರ್ಷ ಹಾಡಿನ ವ್ಯಾಪಾರ ಮಾಡಿದ ಮನೆ. ಕೂತು ಕೇಳಿದ್ದು ಈಗಲೇ. ಎಷ್ಟೋ ಹಾಡಿಗೆ ಎರಡನೇ ಚರಣ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಚಪ್ಪರದ ಕೆಳಗೆ ಯಾರು ಕಿವಿ ಕೊಡುತ್ತಾರೆ.

ರಮ್ಯಾ ಬಂದಿದ್ದಳು. ಒಂದು ಟ್ರಂಕೂ ಆಗಿಲ್ಲವಲ್ಲ, ನನಗೆ ಬಿಟ್ಟರೆ ವಾರದಲ್ಲಿ ಮುಗಿಸುತ್ತೇನೆ ಎಂದಳು. ಕೇಳಿ ತುಂಬಬೇಕು ಎಂದೆ. ನಾನು ತುಂಬಿ ಕೊಡುತ್ತೇನೆ, ಆಮೇಲೆ ಕೇಳಿ ಎಂದಳು. ಮಾತಿಗೆ ಮಾತು. ನಾನು ಡಿಸ್ಕು ಒರೆಸುತ್ತಾ ಕೂತೆ.

ಬಂದು ಪಕ್ಕದಲ್ಲಿ ಕೂತಳು. ದನಿ ಇಳಿಸಿ ಅಂದಳು — “ಅತ್ತೆ, ಇದು ಮುಗುದ್ರೂ ನಾನು ಬತ್ತೀನಿ. ಅವ್ರು ಬರ್ದಿದ್ರೂ ಬತ್ತೀನಿ.”

ನೀನು ಬಂದರೆ ಏನು ಬಂತು, ಅವರಿಬ್ಬರು ಒಬ್ಬರ ಹತ್ತಿರ ಒಬ್ಬರು ಬರಬೇಕು ಎನ್ನಬೇಕೆನ್ನಿಸಿತು. ತಲೆಗೆ ಎಣ್ಣೆ ಹಾಕಿ ಜಡೆ ಹಾಕಿ ಕಳಿಸಿದೆ. ಕೂದಲು ಉದುರುತ್ತಿದೆ ಅವಳಿಗೆ. ಕಂಪ್ಯೂಟರ್ ನೋಡಿ ನೋಡಿಯೇ ಇರಬೇಕು.

29-3, ಶನಿವಾರ

ಬಿಸಿಲು ಹೇಳತೀರದು. ಮಧ್ಯಾಹ್ನ ಯಾಗಶಾಲೆಯ ವಾಸನೆ. ಒಲೆ ನೋಡಿದೆ, ಒಲೆಯಲ್ಲ. ಪೆಟ್ಟಿಗೆಯ ಹಿಂದೆ ಕೈ ಇಟ್ಟರೆ ಕಂಬಿ ಬೆರಳಿಗೆ ಅಂಟಿತು. ಒಳಗಿನ ಬಿಸಿಗಾಳಿಗೆ ಅರಗು ಮೆತ್ತಗಾಗಿದೆ. ಕೆಂಪು ಹಳದಿ ಎರಡೂ ಬೆರೆತು ಪಾನಕದ ಬಣ್ಣ. ಕಂಬಿಗೆ ಧೂಳು ಕೂತು ಗಾಳಿ ಹೋಗುವ ಸಂದು ಮುಚ್ಚಿಕೊಂಡಿತ್ತು. ಮೆಶಿನ್ನು ತಾನಾಗಿ ಆರಿಹೋಯಿತು.

ವಹಾಬ್‌ಗೆ ಹೇಳಿ ಕಳಿಸಿದೆ. ಬಂದು ನೋಡಿ ಹಣೆ ಬಡಿದುಕೊಂಡ. ಅರಗು ಅಂಟಿಸುವುದೇ ಬಿಸಿಯಿಂದ, ಬಿಸಿ ತಾಗಿದರೆ ಬಿಡುತ್ತದೆ ಅಂತ ನನ್ನ ಮಗೂಗೂ ಗೊತ್ತು, ನನಗೆ ಹೆಂಗೆ ಮರೆತೋಯ್ತು ಅಂದ. ಬಣ್ಣ ಬೇಕು ಅಂದದ್ದು ನಾನಲ್ಲವೇ. ತಪ್ಪು ನನ್ನದು ಅಂತ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಚಾಕುವಿನಲ್ಲಿ ಹೆರೆದು ಹಿಂದಿನ ಸಾಲು ಬರಿ ಮರ ಮಾಡಿ ಹೋದ. ಮುಂದಿನದು ಹಾಗೇ ಇದೆ.

ಇನ್ನು ಎರಡು ಮೂರು ದಿನ ಮೆಶಿನ್ನು ಹಾಕಬೇಡಿ ಎಂದು ಹೇಳಿದ್ದಾನೆ. ಕೇಳಿ ನನಗೆ ಬೇಜಾರೇನೂ ಆಗಲಿಲ್ಲ.

8-4, ಮಂಗಳವಾರ

ಯುಗಾದಿ ಆಯಿತು. ಕಡೇ ಡಿಸ್ಕು ಇವತ್ತು. ಹಸಿರು ಪಟ್ಟಿ ತುಂಬಿತು. ಮುಗಿಯಿತು ಅಂತ ಒಂದು ಸದ್ದು ಮಾಡುತ್ತದೆ ಆ ಮೆಶಿನ್ನು. ಹಾಳು ಸದ್ದು.

10-4, ಗುರುವಾರ

ರಮ್ಯಾ ಎರಡು ಪೆನ್ ಡ್ರೈವ್ ತಂದಿದ್ದಳು. ಬೆರಳುದ್ದ. ಎರಡು ಟ್ರಂಕು ಇದರೊಳಗೆ ಎಂದರೆ ನಂಬಬೇಕು.

ನಮ್ಮಲ್ಲಿ ಪಾಲು ಅಂದರೆ ಪದ್ಧತಿ ಉಂಟು. ದೊಡ್ಡವನು ಪಾಲು ಹಾಕಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ದೊಡ್ಡವನು ಮೋಸ ಮಾಡಬಾರದು ಅಂತ ಹಿರಿಯರು ಮಾಡಿಟ್ಟದ್ದು. ಬೆಳಿಗ್ಗೆ ನಾಗರಾಜ ಬಂದಾಗ ಎರಡನ್ನೂ ವೀಳ್ಯದೆಲೆ ಇಟ್ಟ ತಟ್ಟೆಯಲ್ಲಿ ಜೋಡಿಸು ಎಂದೆ. ಜೋಡಿಸಿದ. ಸಾಯಂಕಾಲ ಬಾ ಎಂದೆ. ನಟರಾಜ ಸಾಯಂಕಾಲಕ್ಕೆ ಮುಂಚೆ ಬಂದು ತಟ್ಟೆ ನೋಡಿ ನಕ್ಕ.

“ಎರಡೂ ಒಂದೇ ಅಲ್ವೇನವ್ವ. ಆರಿಸೋದು ಏನೈತೆ ಇದರಲ್ಲಿ?”

ಆರಿಸು ಎಂದೆ. ಒಂದು ತೆಗೆದುಕೊಂಡ. ಅವನು ಹೋದ ಮೇಲೆ ನಾಗರಾಜ ಬಂದು ಉಳಿದದ್ದು ತೆಗೆದುಕೊಂಡ. ನೋಡಲೂ ಇಲ್ಲ, ಜೇಬಿಗೆ ಹಾಕಿದ. ಹೋಗುವಾಗ ಇಬ್ಬರೂ ಕಾಲಿಗೆ ಬಿದ್ದರು. ಎಲ್ಲಿಗೋ ದೂರ ಹೋಗುವವರ ಹಾಗೆ.

17-4, ಗುರುವಾರ

ಉಪ್ಪಿಟ್ಟು ಮಾಡಿದ್ದೆ, ಹಾಗೇ ಉಳಿಯಿತು.

ಎಲೆಕ್ಷನ್ ಬಂದಿದೆ. ಇಬ್ಬರಿಗೂ ಆಟೋ ಮೈಕಿನ ಕೆಲಸವಂತೆ. ಅದಕ್ಕೆ ಹಾಡು ಬೇಡ, ಕೂಗುವ ಬಾಯಿ ಸಾಕು.

24-4, ಗುರುವಾರ

ಇಲ್ಲ.

27-4, ಭಾನುವಾರ, ಬೆಳಿಗ್ಗೆ

ಆರೂವರೆಗೆ ಫೋನು. ನಾಗರಾಜ. ದೊಡ್ಡಆಲಹಳ್ಳಿಯಲ್ಲಿ ಮದುವೆಗೆ ಮೈಕ್ ಕಟ್ಟಿದ್ದಾನೆ. ಅದೇ ಬೀದಿಯ ಆ ತುದಿಯಲ್ಲಿ ಇನ್ನೊಂದು ಮದುವೆ. ಅಲ್ಲಿ ಕಟ್ಟಿರುವವನು ನಟರಾಜ. ಎರಡು ಮನೆಯವರೂ ದಾಸಪ್ಪ ಮೈಕ್‌ಸೆಟ್ ಅಂತಲೇ ಹೇಳಿದ್ದು. ನನ್ನ ಕೈಲಿ ಟ್ರಂಕು ಇದ್ದಿದ್ದರೆ ಒಬ್ಬನನ್ನು ತಡೆದಿರುತ್ತಿದ್ದೆ.

ನಟರಾಜ ಮೊದಲು ಶುರು ಮಾಡಿದ್ದಾನೆ. ನಾಗರಾಜ ಕಾಫಿ ಕುಡಿದು ಶುರು ಮಾಡಿದ್ದಾನೆ. ಇಬ್ಬರದೂ ನನ್ನ ವರಸೆ. ಒಂದನೇ ಹಾಡಿನಿಂದ ಸಾಲಾಗಿ. ಅಲ್ಲಿ ಒಂದು ಸಾಲು ಮುಗಿಯುವಷ್ಟರಲ್ಲಿ ಇಲ್ಲಿ ಅದೇ ಸಾಲು. ನಡುಬೀದಿಯವರಿಗೆ ದೇವರನ್ನು ಎರಡೆರಡು ಸಲ ಎಬ್ಬಿಸಿದ ಹಾಗೆ ಕೇಳುತ್ತಿದೆಯಂತೆ. ಜನ ನಗುತ್ತಿದ್ದಾರೆ, ನಿಲ್ಲಿಸಲು ಅವನಿಗೆ ಹೇಳು ಎಂದ.

ಅವನ ಫೋನು ಇಟ್ಟ ಮೇಲೆ ನಟರಾಜನದು ಬಂತು. ಅದೇ ಮಾತು. ನಾನು ಮೊದಲು ಹಾಕಿದ್ದು, ಅವನಿಗೆ ಹೇಳವ್ವ ಅಂತ.

ಇಬ್ಬರಿಗೂ ಒಂದೇ ಹೇಳಿದೆ. “ಬೀದಿ ಎಷ್ಟು ಉದ್ದ ಐತೆ? ಎದ್ದೋಗಿ ಹೇಳು.” ಫೋನ್ ಇಟ್ಟೆ. ಮತ್ತೆ ಬಂದದ್ದು ಎತ್ತಲಿಲ್ಲ.

28-4, ಸೋಮವಾರ

ರಮ್ಯಾ ಬಂದಳು. ನಿನ್ನೆ ಅವಳೂ ದೊಡ್ಡಆಲಹಳ್ಳಿಗೆ ಹೋಗಿದ್ದಳು. ಕೂರುವ ಮುಂಚೆಯೇ ಶುರು ಮಾಡಿದಳು.

ಇಬ್ಬರೂ ನಿಲ್ಲಿಸಲಿಲ್ಲವಂತೆ, ಎದ್ದೂ ಹೋಗಲಿಲ್ಲವಂತೆ. ಹಟಕ್ಕೆ ಸೌಂಡ್ ಏರಿಸಿದರಂತೆ. ಜಗಲಿ ಮೇಲೆ ಕೂತ ಒಬ್ಬ ಮುದುಕಿ ಅಂದಳಂತೆ — “ದಾಸಪ್ಪನ ಹೈಕಳು ಬಾಯಲ್ಲಿ ಮಾತಾಡಾಕಿಲ್ಲ, ಹಾರನ್ನಲ್ಲಿ ಮಾತಾಡ್ತವೆ.” ರಮ್ಯಾ ನಕ್ಕಳು. ನಾನು ನಗಲಿಲ್ಲ.

ಆಮೇಲೆ ಎಣ್ಣೆ ಶಾಸ್ತ್ರದ ಹೊತ್ತಿಗೆ ಕರೆಂಟು ಹೋಯಿತು. ಇಬ್ಬರೂ ಜನರೇಟರ್ ಎಳೆದರು. ನಟರಾಜನದು ಹತ್ತಿಕೊಂಡಿತು. ನಾಗರಾಜನದು ಕೆಮ್ಮಿ ಕೆಮ್ಮಿ ನಿಂತಿತು. ಬೀದಿಯಲ್ಲಿ ಒಂದೇ ಹಾಡು. ಜನಕ್ಕೆ ನೆಮ್ಮದಿ, ಇನ್ನೊಂದು ಯಾಕೆ ನಿಂತಿತು ಅಂತ ಯಾರೂ ಕೇಳಲಿಲ್ಲ.

“ನಮ್ಮನೇವ್ರಿಗೇ ಅತ್ತೆ ಮೊದ್ಲು ಗೊತ್ತಾಗಿದ್ದು. ಹಿಂದಿಂದ ಬರ್ತಿದ್ದ ಹಾಡು ನಿಂತ್ಹೋಯ್ತಲ್ಲ, ಏನೋ ಆಗಿದೆ ಅಂದ್ರು. ಎದ್ದು ಆ ಕಡೆ ನೋಡ್ತಾ ನಿಂತ್ಕೊಂಡ್ರು.”

ನೋಡುತ್ತಾ ನಿಂತವನು ಕಂಬ ಹತ್ತಿದ. ಎರಡು ಹಾರನ್ನಿನಲ್ಲಿ ಒಂದನ್ನು ಬಿಚ್ಚಿ ಅಣ್ಣನ ಚಪ್ಪರದ ಕಡೆ ತಿರುಗಿಸಿ ಕಟ್ಟಿದ. ಸೌಂಡ್ ಪೂರ್ತಿ ಬಿಟ್ಟ. ಆ ಮನೆಯ ಶಾಸ್ತ್ರವೂ ಈ ಹಾಡಿನಲ್ಲೇ ನಡೆಯಿತು. ವರಸೆ ಒಂದೇ ಆದ್ದರಿಂದ ಎಲ್ಲೂ ಎಡವಲಿಲ್ಲ. ಎರಡು ಮನೆಗೂ ಮುಹೂರ್ತ ಒಂದೇ ಗಳಿಗೆ. ಧಾರೆಯೂ ಹಾಗೇ ಆಯಿತು. ನಾಗರಾಜ ಏನು ಮಾಡುತ್ತಿದ್ದ ಎಂದೆ. ಸುಮ್ಮನಿರುವ ಆಂಪ್ಲಿಫೈಯರ್ ಮುಂದೆ ಕೈ ಕಟ್ಟಿ ಕೂತಿದ್ದರು ಭಾವ, ನಡೆಸುತ್ತಿರುವವರ ಹಾಗೆ ಎಂದಳು. ನನ್ನ ಮಗನೇ ಸರಿ.

ಮಾತಾಡಿದರೇನೇ ಎಂದೆ. ಕೇಳಬಾರದು ಅಂದುಕೊಂಡಿದ್ದೆ, ಕೇಳಿಬಿಟ್ಟೆ.

ಇಲ್ಲ ಎಂದಳು. ಸಾಯಂಕಾಲ ನಟರಾಜ ವೈರು ಸುತ್ತುವಾಗ ಬೀದಿಯುದ್ದಕ್ಕೂ ಸಿಕ್ಕು ಹಾಕಿಕೊಂಡಿತ್ತಂತೆ. ನಾಗರಾಜ ನಡೆದು ಬಂದು ಆ ತುದಿ ಹಿಡಿದುಕೊಂಡನಂತೆ. ಇವನು ಸುತ್ತಿದ, ಅವನು ಬಿಟ್ಟುಕೊಡುತ್ತಾ ಬಂದ. ಎದುರಾದಾಗ ತುದಿ ಇವನ ಕೈಗಿಟ್ಟು ಹೋದ. ಅಷ್ಟೇ ಅತ್ತೆ.

ಅಷ್ಟೇ.

30-4, ಬುಧವಾರ

ನಟರಾಜ ಫೋನ್ ಮಾಡಿದ. ಒಂದೇ ವರಸೆ ಇದ್ದರೆ ಹೀಗೇ ಆಗುತ್ತದೆ, ಭಾನುವಾರಗಳೆಲ್ಲ ಒಟ್ಟಿಗೇ ಬರುತ್ತವೆ, ಹಿಂದುಮುಂದು ಮಾಡಿಕೊಡು ಎಂದ. “ಅಣ್ಣಂದು ಒಂಥರ ಇರ್ಲಿ, ನಂದು ಒಂಥರ ಇರ್ಲಿ.” ಎರಡು ವರ್ಷದಿಂದ ಅವನ ಬಾಯಲ್ಲಿ ಅಣ್ಣ ಅನ್ನುವುದು ಅವನು ಅಂತಾಗಿತ್ತು. ಇವತ್ತು ಅಣ್ಣ. ಹೇಳಿದ್ದು ಅವನಿಗೇ ಗೊತ್ತಾದ ಹಾಗಿರಲಿಲ್ಲ.

ರಮ್ಯಾ ಅಲ್ಲೇ ಕೂತು ಮಾಡಬಹುದು ಇದನ್ನು. ನನಗೂ ಗೊತ್ತು, ಅವನಿಗೂ ಗೊತ್ತು. ನಾಳೆ ಗುರುವಾರ, ಪೆನ್ ಡ್ರೈವ್ ತಗೊಂಡು ಬಾ ಎಂದೆ. ನಾಗರಾಜನಿಗೂ ಹೇಳಿ ಕಳಿಸಿದೆ. ಬೆಳಿಗ್ಗೆ ಸಾಯಂಕಾಲ ಅಂತೇನೂ ಇಲ್ಲ. ಇಬ್ಬರಿಗೂ ಹನ್ನೊಂದು ಗಂಟೆ.

1-5, ಗುರುವಾರ

ಫ್ಯಾಕ್ಟರಿ ರಜ. ಬೀದಿಯಲ್ಲಿ ಗಲಾಟೆ ಕಡಿಮೆ. ಮೆಶಿನ್ನು ಹಾಕಿದ್ದೇನೆ. ಎರಡು ವರಸೆ ಮಾಡುವುದು ಹೇಗೆಂದು ಯೋಚಿಸಿದೆ. ಒಬ್ಬನಿಗೆ ಗಣಪತಿ ಹಾಡಿನಿಂದ ಶುರು, ಒಬ್ಬನಿಗೆ ದೇವಿ ಹಾಡಿನಿಂದ. ಮಧ್ಯದಲ್ಲಿ ಬೇಕಾದ ಹಾಗೆ ಇರಲಿ. ಧಾರೆಯ ಹಾಡು ಮಾತ್ರ ಇಬ್ಬರಿಗೂ ಒಂದೇ ನಂಬರು. ಅದನ್ನು ನಾನು ಬದಲಾಯಿಸುವುದಿಲ್ಲ. ಕೇಳಿದರೂ ಬದಲಾಯಿಸುವುದಿಲ್ಲ.

ಹನ್ನೊಂದು ಹೊಡೆದು ಎಷ್ಟೋ ಹೊತ್ತಾಯಿತು. ಬಾಗಿಲಿಗೆ ಹೋಗಿ ನಿಲ್ಲುವವಳಲ್ಲ ನಾನು. ಬರೆಯುತ್ತಾ ಕೂತಿದ್ದೇನೆ.

ಗೇಟು ಸದ್ದಾಯಿತು. ಕಿಟಕಿಯಲ್ಲಿ ನಾಗರಾಜನ ಬೆನ್ನು. ಹಿಂದಕ್ಕೆ ತಿರುಗಿಕೊಂಡು ನಿಂತಿದ್ದಾನೆ. “ಗೇಟ್ ಹಾಕ್ಕೊಂಡು ಬಾರ್ಲಾ, ಹಸ ನುಗ್ತದೆ” ಅಂತಿದ್ದಾನೆ, ಹಿಂದೆ ಬರುತ್ತಿರುವ ತಮ್ಮನಿಗೆ.